ಗುಂಡಿಗೆ ಬಿದ್ದವರಿಗೊಂದು ಗುಂಡಿ: ಮನೆಯಲ್ಲೇ ಮಾಡಿ ಸಂತರ ಆಟ

ಸಂತರ ಬಗ್ಗೆ ನಾನು ಮಾಡಿದ ಮೊದಲ ಆಟ ಅರ್ಧ ಗಂಟೆಯೂ ಬಾಳಲಿಲ್ಲ. ನಿಜ ಹೇಳಬೇಕೆಂದರೆ ಅದು ಆಟವೇ ಆಗಿರಲಿಲ್ಲ, ಪರೀಕ್ಷೆಯಾಗಿತ್ತು. ಚೀಟಿಯಲ್ಲಿ ಪ್ರಶ್ನೆ: ಪಾದುವಾದ ಸಂತ ಅಂತೋಣಿಯವರ ಹಬ್ಬ ಯಾವತ್ತು? ಜೂನ್ 13 ಎಂದರೆ ಎರಡು ಮನೆ ಮುಂದೆ, ತಪ್ಪಿದರೆ ಎರಡು ಮನೆ ಹಿಂದೆ. ಧರ್ಮೋಪದೇಶದ ಪುಸ್ತಕ ಬಾಯಿಪಾಠ ಮಾಡಿದ್ದ ದೊಡ್ಡ ಮಗಳು ಓಡಿದ್ದೇ ಓಡಿದ್ದು. ಚಿಕ್ಕವನು ಮೂರನೇ ಮನೆಯಲ್ಲೇ ಕೂತಿದ್ದ. ಆಮೇಲೆ ಎದ್ದು ಹೋದ.

ಎರಡನೇ ಸಲ ಸ್ವಲ್ಪ ಜಾಸ್ತಿ ಬುದ್ಧಿ ಓಡಿಸಿದೆ. ಕಥೋಲಿಕ ಧರ್ಮಸಭೆ ಒಬ್ಬರನ್ನು ಸಂತರೆಂದು ಸಾರುವುದಕ್ಕೆ ನಾಲ್ಕು ಮೆಟ್ಟಿಲುಗಳಿವೆ. ದೇವರ ಸೇವಕ, ಪೂಜ್ಯ, ಪುನೀತ (ಕೆಲವರು ಧನ್ಯ ಎನ್ನುತ್ತಾರೆ), ಕೊನೆಗೆ ಸಂತ. ಪಟವನ್ನು ಹಾಗೇ ನಾಲ್ಕು ಭಾಗ ಮಾಡಿ ಹೆಮ್ಮೆಯಿಂದ ವಿವರಿಸಿದೆ. ಈ ಕೆಲಸ ಶುರುವಾಗುವುದೇ ವ್ಯಕ್ತಿ ತೀರಿಕೊಂಡ ಮೇಲೆ, ಅದೂ ಸಾಮಾನ್ಯವಾಗಿ ಐದು ವರ್ಷ ಕಾದು ಎಂದೂ ಹೇಳಿದೆ. ಚಿಕ್ಕವನು ಕೇಳಿದ: ‘ಅಂದ್ರೆ ಅಪ್ಪಾ, ಆಟ ಶುರು ಮಾಡೋಕೇ ಸಾಯ್ಬೇಕಾ?’

ಆ ಪಟವೂ ಅಟ್ಟ ಸೇರಿತು. ಮೂರನೆಯದು ಮಾತ್ರ ನಿಂತಿದೆ. ಅದನ್ನು ಮಾಡುವ ಬಗೆ ಇಲ್ಲಿದೆ.

ಬೇಕಾದ ಸಾಮಾನು

ದಪ್ಪ ರಟ್ಟು, ಚಾರ್ಟ್ ಹಾಳೆ, ಸ್ಕೆಚ್ ಪೆನ್, ಅಂಟು, ಒಂದು ದಾಳ. ಆಡುವವರು 3ರಿಂದ 6 ಮಂದಿ. ಒಬ್ಬೊಬ್ಬರಿಗೆ ಒಂದು ಕಾಯಿ, ಜೊತೆಗೆ ಒಂದೇ ಬಣ್ಣದ ನಾಲ್ಕು ಅಂಗಿ ಗುಂಡಿಗಳು. ಒಬ್ಬರ ಬಣ್ಣ ಇನ್ನೊಬ್ಬರಿಗೆ ಬರಬಾರದು. ತೀರಾ ಪುಟ್ಟ ಮಕ್ಕಳಿರುವ ಮನೆಯಲ್ಲಿ ನಿಜವಾದ ಗುಂಡಿ ಬೇಡ, ಬಾಯಿಗೆ ಹಾಕಿಕೊಳ್ಳುತ್ತಾರೆ. ರಟ್ಟನ್ನು ದೊಡ್ಡ ಬಿಲ್ಲೆಗಳಾಗಿ ಕತ್ತರಿಸಿ ಬಣ್ಣ ಬಳಿದರೆ ಸಾಕು.

ಪಟ

56 ಸೆಂ.ಮೀ. ಚೌಕದ ಹಾಳೆಯಲ್ಲಿ 8 ಸೆಂ.ಮೀ.ನಂತೆ ಅಡ್ಡ ಏಳು, ಉದ್ದ ಏಳು ಮನೆ ಹಾಕಿ. ಒಟ್ಟು 49 ಆಯಿತು. ನಡುವಿನ 9 ಮನೆಗಳ ಗೆರೆ ಅಳಿಸಿ ಒಂದೇ ಚೌಕ ಮಾಡಿ. ಅದು ಕಾರ್ಡ್ ಇಡುವ ಜಾಗ. ಉಳಿದದ್ದು ಸರಿಯಾಗಿ 40 ಮನೆ. ಯೇಸು ಮರುಭೂಮಿಯಲ್ಲಿ ಕಳೆದ ದಿನಗಳೂ ಅಷ್ಟೇ. ಅದು ಲೆಕ್ಕ ಹಾಕಿ ಬಂದದ್ದಲ್ಲ, ಗೆರೆ ಎಳೆದ ಮೇಲೆ ಕಂಡದ್ದು! ಹೊರಸುತ್ತಿನ ಮೂಲೆಯಿಂದ ನಂಬರ್ ಹಾಕುತ್ತಾ ಬನ್ನಿ. 24ಕ್ಕೆ ಹೊರಸುತ್ತು ಮುಗಿಯುತ್ತದೆ, ಅಲ್ಲಿಂದ ಒಳಸುತ್ತು.

ಇನ್ನು ಬಣ್ಣ. 12 ಮನೆಗೆ ಹಳದಿ, ಅವು ಕಥೆಯ ಮನೆಗಳು. 4 ಮನೆಗೆ ನೀಲಿ. ಅಲ್ಲಿ ಕಾಯಿ ನಿಂತರೆ ಆಡುವವರು ಯಾರಾದರೂ ಒಬ್ಬರ ಹೆಸರು ಹೇಳಬೇಕು, ಹತ್ತು ಎಣಿಸುವಷ್ಟು ಹೊತ್ತು ಎಲ್ಲರೂ ಅವರಿಗಾಗಿ ಮೌನವಾಗಿ ಪ್ರಾರ್ಥಿಸಬೇಕು. ಇದನ್ನು ಉದ್ದ ಮಾಡಬೇಡಿ, ಆಟದ ಕಾವು ಆರಿಹೋಗುತ್ತದೆ. 7 ಮನೆಗೆ ಕಪ್ಪು. ಮಿಕ್ಕವು ಬಿಳಿ.

ಏಳು ಕಪ್ಪು ಮನೆಗಳು

ಇಡೀ ಆಟದ ಜೀವ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಾವು ಏಣಿ ಆಟದಲ್ಲಿ ಹಾವು ಕಚ್ಚಿದರೆ ಕೆಳಗೆ ಜಾರುತ್ತೀರಿ, ಅಲ್ಲಿಗೆ ಮುಗಿಯಿತು. ಆದರೆ ಸಂತರ ಬದುಕು ಹಾಗಿಲ್ಲವಲ್ಲ? ಬಿದ್ದ ಜಾಗದಲ್ಲೇ ಎಷ್ಟೋ ಜನರ ಕಥೆ ತಿರುಗಿದೆ. ಆದ್ದರಿಂದ ನಮ್ಮ ಪಟದಲ್ಲಿ ಹಿಂದೆ ಹೋಗುವ ಮಾತೇ ಇಲ್ಲ. ಕಪ್ಪು ಮನೆ ಅಂದರೆ ಗುಂಡಿ. ಬಿದ್ದರೆ ಅಲ್ಲೇ ಕೂತಿರಬೇಕು. ಒಂದೊಂದು ಗುಂಡಿಗೂ ಅದರಲ್ಲಿ ಬಿದ್ದಿದ್ದ ಒಬ್ಬ ಸಂತರ ಹೆಸರು.

6ನೇ ಮನೆ ಅಗಸ್ಟೀನ್ ಅವರದು. ಹುಡುಗರಾಗಿದ್ದಾಗ ಗೆಳೆಯರ ಜೊತೆ ಸೇರಿ ಪಕ್ಕದವರ ಮರದಿಂದ ಪೇರ್ ಹಣ್ಣು ಕದ್ದಿದ್ದರು. ಹಸಿವಿಗಲ್ಲ, ಸುಮ್ನೆ. ಮುಂದೆ ತಾವೇ ಅದನ್ನು ಬರೆದುಕೊಂಡರು. 11ನೇ ಮನೆ ಇಗ್ನೇಷಿಯಸ್ ಲೊಯೋಲಾ ಅವರದು. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ಹಾಸಿಗೆಯಲ್ಲಿ ಬೇಜಾರಾಗಿ ವೀರರ ಕಥೆಪುಸ್ತಕ ಕೇಳಿದರು. ಮನೆಯಲ್ಲಿ ಇದ್ದದ್ದು ಕ್ರಿಸ್ತನ ಮತ್ತು ಸಂತರ ಚರಿತ್ರೆ ಮಾತ್ರ. ಅದನ್ನೇ ಓದಿದರು. 1540ರಲ್ಲಿ ಅವರು ಕಟ್ಟಿದ ಯೇಸುಸಭೆ ಎಂಬ ಸನ್ಯಾಸಿಗಳ ಸಂಘಕ್ಕೆ ಪೋಪರ ಒಪ್ಪಿಗೆ ಸಿಕ್ಕಿತು.

17ನೇ ಮನೆಗೆ ಅಸ್ಸಿಸಿಯ ಫ್ರಾನ್ಸಿಸ್: ಪೆರುಜಿಯಾ ಊರಿನ ಮೇಲೆ ಯುದ್ಧಕ್ಕೆ ಹೋಗಿ ಸೆರೆ ಸಿಕ್ಕಿದ್ದರು. 23ಕ್ಕೆ ಯೇಸುವಿನ ಶಿಷ್ಯ ಪೇತ್ರ. ಅಲ್ಲಿ ಒಂದು ಹುಂಜದ ಚಿತ್ರ ಬರೆದರೆ ಸಾಕು, ಯೇಸು ಸೆರೆಸಿಕ್ಕ ರಾತ್ರಿ ಹುಂಜ ಕೂಗುವ ಮೊದಲು ಮೂರು ಸಲ ‘ನನಗೆ ಅವನು ಗೊತ್ತಿಲ್ಲ’ ಎಂದದ್ದು ಎಲ್ಲರಿಗೂ ನೆನಪಾಗುತ್ತದೆ. 29ಕ್ಕೆ ಆವಿಲಾದ ತೆರೇಸಾ. ಪ್ರಾರ್ಥನೆಯ ಬಗ್ಗೆ ಅಷ್ಟೊಂದು ಬರೆದ ಈ ಸನ್ಯಾಸಿನಿ, ಪ್ರಾರ್ಥನೆಯ ಹೊತ್ತು ಯಾವಾಗ ಮುಗಿಯುತ್ತದೋ ಎಂದು ವರ್ಷಗಟ್ಟಲೆ ಕಾಯುತ್ತಿದ್ದರಂತೆ. ನಮ್ಮ ಮಕ್ಕಳಿಗೆ ಎಲ್ಲರಿಗಿಂತ ಹತ್ತಿರದ ಸಂತರು ಇವರೇ. 34ಕ್ಕೆ ಯೇಸು ಸತ್ತು ಎದ್ದು ಬಂದದ್ದನ್ನು ನಂಬದೆ ಸಂಶಯಪಟ್ಟ ಶಿಷ್ಯ ತೋಮ.

38, ಗುರಿಗೆ ಎರಡೇ ಮನೆ ಇರುವಾಗ, ಮದರ್ ತೆರೇಸಾ. ದೇವರು ದೂರವಾದ ಹಾಗೆ, ಒಳಗೆಲ್ಲ ಕತ್ತಲೆ ತುಂಬಿದ ಹಾಗೆ ಅವರಿಗೆ ಎಷ್ಟೋ ವರ್ಷ ಅನಿಸುತ್ತಿತ್ತು. ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಹೊರಗಿನವರಿಗೆ ಅದು ಗೊತ್ತಾಯಿತು. ಕೊನೆಯ ಹತ್ತಿರ ಒಂದು ಗುಂಡಿ ಇರಲೇಬೇಕು. ಇಲ್ಲದಿದ್ದರೆ ಮುಂದೆ ಹೋದವರು ಹಿಂದೆ ತಿರುಗಿ ನೋಡುವುದೇ ಇಲ್ಲ.

ಗುಂಡಿಗೆ ಗುಂಡಿ

ಕಪ್ಪು ಮನೆಗೆ ಬಿದ್ದವರು ಎರಡು ಸರದಿ ಆಡುವಂತಿಲ್ಲ. ಬೇಗ ಏಳಬೇಕೆಂದರೆ ಬೇರೆಯವರ ದಯೆ ಬೇಕು. ಯಾರಾದರೂ ತಮ್ಮ ಸರದಿಯಲ್ಲಿ ದಾಳ ಹಾಕುವ ಬದಲು ತಮ್ಮದೊಂದು ಗುಂಡಿಯನ್ನು ಅವರ ಕೈಗೆ ಕೊಡಬಹುದು. ಕೊಟ್ಟವರ ಸರದಿ ಹೋಯಿತು. ಬಿದ್ದವರು ತಮ್ಮ ಮುಂದಿನ ಸರದಿಗೇ ಎದ್ದು ಆಡುತ್ತಾರೆ. ಎತ್ತುವುದಕ್ಕೂ ಬೀಳುವುದಕ್ಕೂ ಕನ್ನಡದಲ್ಲಿ ಒಂದೇ ಪದ, ಮಕ್ಕಳಿಗೆ ಅದೇ ಮಜಾ.

ಬಿದ್ದವರು ಗೋಗರೆಯಬಹುದು, ಲಂಚ ಕೊಡುವಂತಿಲ್ಲ. ಸಿಕ್ಕಿದ ಗುಂಡಿಯನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ, ಕೊನೆಯವರೆಗೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಥೆಯ ಕಾರ್ಡ್

24 ಕಾರ್ಡ್ ಸಾಕು. ಮೊದಲು ಮನೆಯವರ ಹೆಸರಿನ ಸಂತರು, ಆಮೇಲೆ ಉಳಿದವರು. ಆರಿಸುವಾಗ ಒಂದು ಎಚ್ಚರ ಬೇಕು. ಬರೀ ಗುರುಗಳು (ಪಾದ್ರಿಗಳು), ಸನ್ಯಾಸಿನಿಯರು ತುಂಬಿಕೊಂಡರೆ ‘ಇದು ನಮಗಲ್ಲ’ ಎಂದು ಮಕ್ಕಳು ತೀರ್ಮಾನಿಸಿಬಿಡುತ್ತಾರೆ. ಹೊಲ ಉಳುತ್ತಿದ್ದ ಇಸಿದೋರ್ ಇದ್ದಾರೆ. ಗುಲಾಮಳಾಗಿ ಮಾರಾಟವಾಗಿದ್ದ ಸುಡಾನಿನ ಜೋಸೆಫಿನ್ ಬಖಿತಾ ಇದ್ದಾರೆ. ವೈದ್ಯೆಯೂ ತಾಯಿಯೂ ಆಗಿದ್ದ ಜಾನ್ನಾ ಮೊಲ್ಲಾ ಇದ್ದಾರೆ. ಲೂಯಿ ಮತ್ತು ಜೆಲಿ ಮಾರ್ಟಿನ್ ದಂಪತಿಯನ್ನು 2015ರಲ್ಲಿ ಒಟ್ಟಿಗೇ ಸಂತರೆಂದು ಸಾರಲಾಯಿತು. ಲಿಸ್ಯೂವಿನ ತೆರೇಸಾ ಇವರ ಮಗಳು. 15ನೇ ವಯಸ್ಸಿಗೇ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ, ಕಂಪ್ಯೂಟರ್ ಹುಚ್ಚಿನ ಹುಡುಗ ಕಾರ್ಲೊ ಅಕುಟಿಸ್ 2025ರ ಸೆಪ್ಟೆಂಬರ್ 7ರಂದು ಸಂತರಾದರು. ಈ ಕಾರ್ಡ್ ಬಂದರೆ ದೊಡ್ಡ ಮಕ್ಕಳೂ ಮೊಬೈಲ್ ಕೆಳಗಿಡುತ್ತಾರೆ.

ಕಾರ್ಡಿನ ಮುಂಭಾಗದಲ್ಲಿ ಹೆಸರು, ಹಬ್ಬದ ದಿನ, ಒಂದು ಗುರುತು. ಹಿಂಭಾಗದಲ್ಲಿ ನಾಲ್ಕೇ ಸಾಲಿನ ಕಥೆ, ಕೆಳಗೆ ಒಂದು ಪ್ರಶ್ನೆ. ಆ ಪ್ರಶ್ನೆಗೆ ಸರಿ ಉತ್ತರ ಅಂತ ಇರಕೂಡದು. ಉದಾಹರಣೆಗೆ ಟೂರ್ಸ್‌ನ ಮಾರ್ಟಿನ್, ನವೆಂಬರ್ 11. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ಸೈನಿಕ ಮಾರ್ಟಿನ್ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ. ಪ್ರಶ್ನೆ: ನೀನಾಗಿದ್ದರೆ ಅರ್ಧ ಕೊಡುತ್ತಿದ್ದೆಯಾ, ಪೂರ್ತಿಯಾ? ‘ಅರ್ಧ ಕೊಟ್ರೆ ಇಬ್ಬರಿಗೂ ಚಳಿ ಅಲ್ವಾ?’ ಎಂದ ನಮ್ಮ ಚಿಕ್ಕವನು. ಆ ದಿನ ದಾಳ ಸುಮಾರು ಹೊತ್ತು ಹಾಗೇ ಬಿದ್ದಿತ್ತು. ಹಳದಿ ಮನೆಗೆ ಬಂದವರು ಕಾರ್ಡ್ ಓದಿ, ಏನಾದರೂ ಉತ್ತರ ಕೊಟ್ಟರೆ ಎರಡು ಮನೆ ಮುಂದೆ. ಓದಲು ಬಾರದವರಿಗೆ ದೊಡ್ಡವರು ಓದಿ ಹೇಳಲಿ.

ಇತಿಹಾಸ ಯಾವುದು, ದಂತಕಥೆ ಯಾವುದು ಎಂದು ಬೇರೆ ಮಾಡಿಡಿ. ಜಾರ್ಜ್ ಅವರ ಡ್ರ್ಯಾಗನ್, ಜೆರೋಮ್ ಅವರ ಸಿಂಹ, ಫ್ರಾನ್ಸಿಸ್ ಅವರ ಗುಬ್ಬಿಯೋ ಊರಿನ ತೋಳ, ಇವು ಚೆಂದದ ಕಥೆಗಳು, ಬಿಡಬೇಡಿ. ಆದರೆ ಅಂಥ ಕಾರ್ಡಿನ ಮೂಲೆಯಲ್ಲಿ ಒಂದು ಗರಿ ಬರೆಯಿರಿ. ಗರಿ ಇದ್ದರೆ ‘ಹೀಗೆ ಹೇಳುತ್ತಾರೆ’ ಎಂದರ್ಥ. ಮುಂದೊಂದು ದಿನ ಡ್ರ್ಯಾಗನ್ ಸುಳ್ಳು ಎಂದು ಗೊತ್ತಾದಾಗ ಮಗು ಉಳಿದದ್ದನ್ನೂ ಅದರ ಜೊತೆ ಎಸೆಯಬಾರದು, ಅಷ್ಟೇ. ನಂಬಿಕೆಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಹಿಂಸೆಯ ವಿವರ ಚಿಕ್ಕ ಮಕ್ಕಳ ಕಾರ್ಡಿನಲ್ಲಿ ಬೇಡ.

ಸಾಕ್ಷಿ ಸುತ್ತು

ಯಾರಾದರೂ 40 ಮುಟ್ಟಿದ ಕೂಡಲೇ ಓಟ ನಿಲ್ಲುತ್ತದೆ. ಮುಟ್ಟಿದವರಿಗೆ 2 ಅಂಕ. ಈಗ ಎಲ್ಲರೂ ತಮಗೆ ಬಂದ ಗುಂಡಿಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಬೇಕು. ‘ಈ ಕೆಂಪು ಗುಂಡಿ ಅಕ್ಕನದು, ನಾನು ಪೇತ್ರನ ಮನೆಯಲ್ಲಿ ಸಿಕ್ಕಿಬಿದ್ದಾಗ ಕೊಟ್ಟಳು’ ಎಂದು ಹೇಳಿದರೆ ಅಕ್ಕನಿಗೆ 1 ಅಂಕ. ನಿಮ್ಮ ಕೈಯಲ್ಲೇ ಉಳಿದ ನಿಮ್ಮ ಗುಂಡಿಗೆ ಏನೂ ಇಲ್ಲ. ನಿಮ್ಮ ಒಳ್ಳೆಯತನವನ್ನು ನೀವೇ ಹೇಳಿಕೊಳ್ಳುವಂತೆಯೂ ಇಲ್ಲ.

ಅಟ್ಟ ಸೇರಿದ್ದ ಎರಡನೇ ಪಟ ಇಲ್ಲಿ ಉಪಯೋಗಕ್ಕೆ ಬಂತು. ನಿಜವಾದ ಸಂತಪದವಿಯ ವಿಚಾರಣೆಯಲ್ಲೂ ಕಂಡವರ, ಬಲ್ಲವರ ಸಾಕ್ಷ್ಯ ಕೇಳುತ್ತಾರೆ. ಅದಕ್ಕೆ ಅಡ್ಡಪ್ರಶ್ನೆ ಹಾಕಲೆಂದೇ ಒಬ್ಬ ಅಧಿಕಾರಿಯೂ ಇದ್ದರು. 1587ರಲ್ಲಿ ಐದನೇ ಸಿಕ್ಸ್ಟಸ್ ಪೋಪ್ ಆಗಿದ್ದಾಗ ಹುಟ್ಟಿದ ಆ ಹುದ್ದೆಗೆ ಜನ ಇಟ್ಟ ಹೆಸರು ದೆವ್ವದ ವಕೀಲ. 1983ರಲ್ಲಿ ಎರಡನೇ ಜಾನ್ ಪೌಲ್ ನಿಯಮ ಬದಲಿಸಿದ ಮೇಲೆ ಆ ಪಾತ್ರ ಮೊದಲಿನ ಹಾಗೆ ಉಳಿಯಲಿಲ್ಲ. ನಮ್ಮ ಆಟದಲ್ಲಿ ಮಾತ್ರ ಈಗಲೂ ಇದೆ. ಮನೆಯ ಅತಿ ಚಿಕ್ಕವರಿಗೆ ಆ ಪಟ್ಟ. ‘ಸುಮ್ನೆ ಅಂಕಕ್ಕೋಸ್ಕರ ಕೊಟ್ಟಿದ್ದು!’ ಎಂದು ಅವರು ಕೂಗಬಹುದು. ಆಗ ಗುಂಡಿ ಪಡೆದವರೇ ಕೊಟ್ಟವರ ಪರ ವಾದಿಸಬೇಕು. ಕೊನೆಗೆ ಎಲ್ಲರೂ ಕೈ ಎತ್ತಿ ತೀರ್ಮಾನಿಸುವುದು.

ಹತ್ತು ದಾಟಿದ ಮಕ್ಕಳಿದ್ದರೆ ಈ ಸುತ್ತಿಗೆ ಮೊದಲು ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಕಥೆ ಹೇಳಿ. 1941ರಲ್ಲಿ ನಾಜಿಗಳ ಆಶ್ವಿಟ್ಸ್ ಶಿಬಿರದಲ್ಲಿ ಸಾವಿಗೆ ಆರಿಸಿದ್ದ ಒಬ್ಬ ಕೈದಿಯ ಜಾಗದಲ್ಲಿ ತಾವು ನಿಂತು ಪ್ರಾಣ ಕೊಟ್ಟ ಗುರುಗಳು ಅವರು. ಆ ಕೈದಿಯ ಹೆಸರು ಫ್ರಾನ್ಸಿಶೆಕ್ ಗಯೋವ್ನಿಚೆಕ್. 1982ರ ಅಕ್ಟೋಬರ್ 10ರಂದು ಕೋಲ್ಬೆಯವರನ್ನು ಸಂತರೆಂದು ಸಾರಿದಾಗ ಗಯೋವ್ನಿಚೆಕ್ ಅಲ್ಲೇ ಇದ್ದರು. ಈ ಕಥೆ ಕೇಳಿದ ಮೇಲೆ ನನ್ನ ಮಗಳು ತನಗೆ ಬಂದ ಗುಂಡಿಯನ್ನು ಅಂಗೈಯಲ್ಲಿ ತಿರುಗಿಸುತ್ತಾ ಕೂತಿದ್ದಳು. ನಾನು ಏನೂ ವಿವರಿಸಲು ಹೋಗಲಿಲ್ಲ.

ಲೆಕ್ಕ ಸರಿಮಾಡುವುದು

ಮೊದಲು 40 ಮುಟ್ಟಿದರೆ 5 ಅಂಕ ಎಂದಿಟ್ಟಿದ್ದೆ. ಒಬ್ಬರೂ ಗುಂಡಿ ಬಿಚ್ಚಲಿಲ್ಲ. 1ಕ್ಕೆ ಇಳಿಸಿದಾಗ ಯಾರಿಗೂ ಓಡುವ ಆಸೆಯೇ ಇಲ್ಲ, ಎಲ್ಲರೂ ಇನ್ನೊಬ್ಬರು ಬೀಳುವುದನ್ನೇ ಕಾಯುತ್ತಾ ಕೂತರು! 2 ಸರಿಹೋಯಿತು. ನಿಮ್ಮ ಮನೆಯ ಜಿಪುಣರ ಸಂಖ್ಯೆ ನೋಡಿಕೊಂಡು ಬದಲಿಸಿ. ಒಂದು ಆಟ ಸುಮಾರು ಮುಕ್ಕಾಲು ಗಂಟೆ ಹಿಡಿಯುತ್ತದೆ, ದೆವ್ವದ ವಕೀಲರು ಬಾಯಿಬಡುಕರಾಗಿದ್ದರೆ ಒಂದು ಗಂಟೆ.

ಆಡಿ ಮುಗಿದ ಮೇಲೆ ಗುಂಡಿಗಳನ್ನು ಎಣಿಸಿ ಡಬ್ಬಿಗೆ ಹಾಕಿ. ಒಂದೆರಡು ಕಳೆದೇ ಕಳೆಯುತ್ತವೆ. ಕಳೆದ ವಸ್ತು ಹುಡುಕಿಕೊಡುವವರು ಅಂತೋಣಿಯವರು ತಾನೇ? ನಮ್ಮನೆಯಲ್ಲಿ ಆಗ ಅವರ ಕಾರ್ಡನ್ನು ಡಬ್ಬಿಯ ಮೇಲಿಟ್ಟು ಎಲ್ಲರೂ ಮಂಚದ ಕೆಳಗೆ ನುಗ್ಗುತ್ತೇವೆ. ಅವರ ಹಬ್ಬ ಯಾವತ್ತು ಅಂತ ಚಿಕ್ಕವನಿಗೆ ಈಗ ಗೊತ್ತು.