ಮೊದಲ ಫಿಲ್ಲಿಂಗ್‌ಗೆ ಹೆದರಿ ಬಂದ ಮಗು: ನಾನು ಮಾಡುವ ಕ್ರಮ

"ಉದುರಿ ಹೋಗುವ ಹಲ್ಲಲ್ವಾ ಡಾಕ್ಟ್ರೇ, ಅದಕ್ಕೆ ಎಂತಕ್ಕೆ ಫಿಲ್ಲಿಂಗ್?" ಉಡುಪಿಯಲ್ಲಿ ಮಕ್ಕಳ ಹಲ್ಲು ನೋಡುವ ನನಗೆ ಈ ಪ್ರಶ್ನೆ ಬಾರದ ವಾರವೇ ಇಲ್ಲ. ಉದುರುವುದು ಹೌದು. ಆದರೆ ಎದುರಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬಿದ್ದರೂ ಹಿಂದಿನ ದವಡೆ ಹಲ್ಲುಗಳು 10–12 ವರ್ಷದವರೆಗೆ ಬಾಯಲ್ಲಿ ಇರಬೇಕಾದವು. ಹಾಲುಹಲ್ಲಿನ ಹೊರಗಿನ ಗಟ್ಟಿ ಪದರ (ಎನಾಮಲ್) ತೆಳು, ನರವೂ ಹತ್ತಿರ. ಇವತ್ತಿನ ಸಣ್ಣ ತೂತು ಕೆಲವೇ ತಿಂಗಳಲ್ಲಿ ನರ ಮುಟ್ಟಿ ಮಗು ರಾತ್ರಿ ಎದ್ದು ಅಳುವ ಹಾಗೆ ಆಗಬಹುದು. ಬೇಗ ಕಿತ್ತು ಹಾಕಿದರೆ ಹಿಂದಿನ ಹಲ್ಲು ಮುಂದಕ್ಕೆ ಜರುಗಿ, ಅಡಿಯಲ್ಲಿ ಕಾಯುತ್ತಿರುವ ಹೊಸ ಹಲ್ಲಿಗೆ ಜಾಗ ಸಾಲದೆ ಹೋಗುತ್ತದೆ. ಹಾಗಾಗಿ ಫಿಲ್ಲಿಂಗ್ ಮಾಡಲೇಬೇಕು. ಮಗು ಮುಂದೆಂದೂ ಹಲ್ಲಿನ ಡಾಕ್ಟ್ರೆಂದರೆ ನಡುಗದ ಹಾಗೆ ಮಾಡುವುದರಲ್ಲಿ ನನ್ನ ಹೆಚ್ಚಿನ ಶ್ರಮ ಹೋಗುತ್ತದೆ.

ಈ ಕೆಲಸ ಶುರುವಾಗುವುದು ಫೋನಿನಲ್ಲೇ. ಅಪಾಯಿಂಟ್‌ಮೆಂಟ್ ಕೇಳಿದ ತಾಯಿಗೆ ನಾನು ಕೇಳುವುದು ಒಂದೇ: "ಮಗುವಿಗೆ ಎಂತ ಹೇಳಿ ಕರ್ಕೊಂಡು ಬರ್ತೀರಿ?" ಕೆಲವರು ಐಸ್‌ಕ್ರೀಮ್ ತಿನ್ನಲಿಕ್ಕೆ ಅಂತ ಹೇಳಿ ಹೊರಡಿಸುತ್ತಾರೆ. ಇನ್ನು ಕೆಲವರು ತಿಂಗಳುಗಟ್ಟಲೆ "ಚಾಕ್ಲೇಟ್ ತಿಂದ್ರೆ ಡಾಕ್ಟ್ರು ಸೂಜಿ ಚುಚ್ತಾರೆ" ಅಂತ ಹೆದರಿಸಿ ಆಮೇಲೆ ನನ್ನ ಹತ್ತಿರ ತರುತ್ತಾರೆ. ದಯವಿಟ್ಟು ಎರಡೂ ಬೇಡ. "ಡಾಕ್ಟ್ರು ನಿನ್ನ ಹಲ್ಲು ಎಣಿಸ್ತಾರೆ, ಹುಳುಕು ಇದ್ರೆ ಕ್ಲೀನ್ ಮಾಡಿ ಮುಚ್ತಾರೆ" ಅಂದರೆ ಸಾಕು. ಹೆಚ್ಚು ಕೇಳಿದರೆ "ಅದನ್ನು ಡಾಕ್ಟ್ರನ್ನೇ ಕೇಳುವ" ಅನ್ನಿ. ಸಮಯ ನಾನು ಬೆಳಿಗ್ಗೆಯದ್ದೇ ಕೊಡುತ್ತೇನೆ. ಶಾಲೆಯಿಂದ ಸುಸ್ತಾಗಿ, ಹಸಿದು, ನಿದ್ದೆ ತೂಗುತ್ತ ಬಂದ ಮಗುವಿನ ಹತ್ತಿರ ಯಾವ ಜಾಣತನವೂ ನಡೆಯುವುದಿಲ್ಲ.

ಈಚೆಗೆ ಮಲ್ಪೆ ಕಡೆಯಿಂದ ಐದು ವರ್ಷದ ಹುಡುಗಿಯೊಬ್ಬಳು ಅಮ್ಮ, ಅಜ್ಜಿ ಜೊತೆ ಬಂದಳು. ಕೆಳಗಿನ ಬಲಬದಿಯ ಕೊನೆಯ ಹಾಲುಹಲ್ಲಿನಲ್ಲಿ ತೂತು. ದೊಡ್ಡಪ್ಪನ ಮಗ ತನ್ನ ಹಲ್ಲು ಕಿತ್ತ ಕತೆಯನ್ನು ಬಣ್ಣ ಕಟ್ಟಿ ಹೇಳಿದ್ದನಂತೆ. ಹುಡುಗಿ ತುಟಿ ಬಿಗಿದು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿದ್ದಳು. ಅಜ್ಜಿ ಬೆನ್ನು ಸವರುತ್ತ, ತುಳುವಿನಲ್ಲಿ "ದಾಲ ಆಪುಜಿ ಮಗಾ, ಸೂಜಿ ಇಜ್ಜಿ" (ಏನೂ ಆಗುವುದಿಲ್ಲ ಮಗಾ, ಸೂಜಿ ಇಲ್ಲ) ಅನ್ನುತ್ತಿದ್ದರು. ನಾನು ಮೆಲ್ಲಗೆ, "ಅಜ್ಜೀ, ಸೂಜಿ ಇಲ್ಲ ಅಂತ ಮಾತ್ರ ಹೇಳ್ಬೇಡಿ. ಮುಂದೆ ಕೊಡ್ಬೇಕಾಗಿ ಬಂದ್ರೆ ಅವಳು ನಿಮ್ಮನ್ನೂ ನಂಬುದಿಲ್ಲ, ನನ್ನನ್ನೂ ನಂಬುದಿಲ್ಲ" ಅಂದೆ.

ನಾನು ಗಟ್ಟಿಯಾಗಿ ಹಿಡಿದುಕೊಂಡಿರುವುದು ಇದನ್ನೇ. ಸಣ್ಣ ನೋವನ್ನು ಮಕ್ಕಳು ತಡೆದುಕೊಳ್ಳುತ್ತಾರೆ. ಹೇಳದೆ ಕೇಳದೆ ಬಂದ ನೋವನ್ನು ಮರೆಯುವುದಿಲ್ಲ.

ಅವಳಿಗೆ ಬಾವು ಇರಲಿಲ್ಲ, ರಾತ್ರಿ ನೋವೂ ಇರಲಿಲ್ಲ. ಹಾಗಾಗಿ ಮೊದಲ ದಿನ ಹಲ್ಲಿನ ಕೆಲಸಕ್ಕೆ ಕೈ ಹಾಕಲಿಲ್ಲ. ಕುರ್ಚಿ ಮೇಲೆ ಕೆಳಗೆ ಮಾಡುವ ಬಟನ್ ಅವಳ ಕೈಗೇ ಕೊಟ್ಟೆ. ಬಾಯಿ ಕನ್ನಡಿ ಹಿಡಿದು ಇಬ್ಬರೂ ಸೇರಿ 20 ಹಲ್ಲು ಎಣಿಸಿದೆವು. ಬಾಯಿ ಸರಿಯಾಗಿ ತೆರೆಯದಾಗ, "ಅಷ್ಟಮಿಗೆ ಹುಲಿವೇಷ ನೋಡಿದ್ದೀಯಾ? ಹುಲಿ ಹೇಗೆ ಬಾಯಿ ತೆರೀತದೆ?" ಅಂದೆ. ಕೊನೆಯ ಹಲ್ಲಿನವರೆಗೂ ಕಾಣುವಷ್ಟು ದೊಡ್ಡದಾಗಿ ತೆರೆದಳು. ಹುಲಿವೇಷಕ್ಕೇ ಹೆದರುವ ಮಕ್ಕಳೂ ಇದ್ದಾರೆ. ಅದನ್ನು ಅಮ್ಮನ ಹತ್ತಿರ ಮೊದಲೇ ಕೇಳಿಕೊಂಡಿರುತ್ತೇನೆ.

ಆಮೇಲೆ ಒಂದೊಂದೇ ಉಪಕರಣ. ಹೇಳು, ತೋರಿಸು, ಮಾಡು: 1959ರಲ್ಲಿ ಆಡಲ್‌ಸ್ಟನ್ ಎಂಬ ದಂತವೈದ್ಯರು ಬರೆದಿಟ್ಟ ಈ ಕ್ರಮವನ್ನು ಮಕ್ಕಳ ದಂತವೈದ್ಯರು ಇವತ್ತಿಗೂ ಬಿಟ್ಟಿಲ್ಲ. ಗಾಳಿ–ನೀರಿನ ಸಿರಿಂಜನ್ನು ಮೊದಲು ಅವಳ ಅಂಗೈಗೆ ಬಿಟ್ಟೆ. ಎಂಜಲು ಹೀರುವ ಸಕ್ಷನ್ ಪೈಪಿಗೆ ಪೇಪರ್ ಕಪ್ಪಿನ ನೀರು ಕುಡಿಸಿದಳು. ಹಲ್ಲು ಕೊರೆಯಲು ಬಳಸುವ, ನಿಧಾನ ತಿರುಗುವ ಹ್ಯಾಂಡ್‌ಪೀಸಿಗೆ ಮೆತ್ತನೆಯ ಬ್ರಷ್ ಹಾಕಿ ಅವಳ ಹೆಬ್ಬೆರಳಿನ ಉಗುರಿನ ಮೇಲೆ ಓಡಿಸಿದೆ. ಕಚಗುಳಿಯಾಗಿ ಕೈ ಎಳೆದುಕೊಂಡಳು, ಮತ್ತೆ ತಾನಾಗಿಯೇ ಚಾಚಿದಳು. ಅದೇ ಬ್ರಷ್ಷಿನಲ್ಲಿ ಎದುರಿನ ಎರಡು ಹಲ್ಲು ಉಜ್ಜಿದೆ. ಎರಡು ಅಂತ ಹೇಳಿದ್ದೆ, ಎರಡಕ್ಕೇ ನಿಲ್ಲಿಸಿದೆ. "ಹೇಗೂ ಬಾಯಿ ತೆರೆದಿದ್ದಾಳಲ್ಲ, ಫಿಲ್ಲಿಂಗೂ ಮುಗಿಸಿಬಿಡಿ ಡಾಕ್ಟ್ರೇ" ಎಂದು ಅಮ್ಮ ಕೇಳಿದರು. ಆಸೆ ಸಹಜ, ಆದರೆ ಒಪ್ಪಲಿಲ್ಲ.

ಹೊರಡುವ ಮುಂಚೆ ಒಂದು ಒಪ್ಪಂದ: ಎಡಗೈ ಎತ್ತಿದರೆ ನಾನು ನಿಲ್ಲಿಸುತ್ತೇನೆ. ಮಕ್ಕಳು ಇದನ್ನು ಪರೀಕ್ಷೆ ಮಾಡಿಯೇ ಮಾಡುತ್ತಾರೆ. ಏನೂ ಆಗದಿದ್ದರೂ ಕೈ ಎತ್ತಿ ನನ್ನ ಮುಖ ನೋಡುತ್ತಾರೆ. ಆಗಲೂ ನಿಲ್ಲಿಸಲೇಬೇಕು. "ಈಗ ಎಂತದೂ ಆಗ್ಲಿಲ್ಲಲ್ಲಾ" ಅಂದರೆ ಒಪ್ಪಂದ ಮುರಿಯಿತು.

ಫಿಲ್ಲಿಂಗ್ ದಿನ ನಿಜವಾದ ಸವಾಲು ಇಂಜೆಕ್ಷನ್. ಮೇಲುಮೇಲಿನ ಹುಳುಕಾದರೆ ಚಮಚದಂಥ ಕೈಹತ್ಯಾರದಿಂದಲೇ ಕೆರೆದು, ಇಂಜೆಕ್ಷನ್ ಇಲ್ಲದೆ ಮುಗಿಸುತ್ತೇನೆ. ಇವಳದ್ದು ಸ್ವಲ್ಪ ಆಳ, ಮರಗಟ್ಟಿಸಲೇಬೇಕಿತ್ತು. ಒಸಡನ್ನು ಹತ್ತಿಯಲ್ಲಿ ಒಣಗಿಸಿ ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಕಾದೆ. ಒದ್ದೆ ಒಸಡಿಗೆ ಹಚ್ಚಿದರೂ, ಹಚ್ಚಿದ ಕೂಡಲೇ ಚುಚ್ಚಿದರೂ ಜೆಲ್ ವ್ಯರ್ಥ. ಆಮೇಲೆ ಹೇಳಿದೆ: "ಈಗ ಹಲ್ಲಿಗೆ ನಿದ್ದೆ ಬರುವ ಮದ್ದು ಹಾಕ್ತೇನೆ. ಒಂದು ಸಲ ಚಿವುಟಿದ ಹಾಗೆ ಆಗ್ತದೆ. ನಾನು ಹತ್ತರವರೆಗೆ ಎಣಿಸ್ತೇನೆ, ನೀನು ಕಾಲಿನ ಬೆರಳು ಅಲ್ಲಾಡಿಸ್ತಾ ಇರು." ಸೂಜಿಯನ್ನು ಕಣ್ಣೆದುರು ಆಡಿಸುವುದಿಲ್ಲ, "ಸೂಜಿಯಾ?" ಅಂತ ಕೇಳಿದರೆ ಹೌದು ಅನ್ನುತ್ತೇನೆ. ಕೆನ್ನೆಯನ್ನು ಬೆರಳಲ್ಲಿ ಹಿಡಿದು ಅಲುಗಿಸುತ್ತ ಮದ್ದನ್ನು ಹನಿಹನಿಯಾಗಿ ಬಿಟ್ಟೆ. ರಭಸವಾಗಿ ತಳ್ಳಿದರೆ ಸೂಜಿಗಿಂತ ಆ ಒತ್ತಡವೇ ಹೆಚ್ಚು ನೋಯುತ್ತದೆ. ಅವಳ ಕಣ್ಣಲ್ಲಿ ನೀರು ಬಂತು, ಕಾಲ್ಬೆರಳು ಮಾತ್ರ ನಿಲ್ಲಲಿಲ್ಲ.

ಅಳು ಬಂದ ತಕ್ಷಣ ಮನೆಯವರು ಗಾಬರಿಯಾಗುತ್ತಾರೆ. ಬಾಯಿ ತೆರೆದು ಅಳುತ್ತಿರುವ ಮಗು ನನ್ನ ಜೊತೆಗೇ ಇದೆ. ಕೈ ತಳ್ಳಿ, ಮುಖ ತಿರುಗಿಸಿದರೆ ಅಲ್ಲಿಗೆ ಬಿಡುತ್ತೇನೆ. ತುರ್ತಿಲ್ಲದ ಕೆಲಸಕ್ಕೆ ನಾಲ್ಕು ಜನ ಹಿಡಿದು ಬಾಯಿ ಬಿಡಿಸುವುದು ನನಗೆ ಒಪ್ಪಿಗೆಯಿಲ್ಲ. ಆಗ 38% ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರವ ಮದ್ದು ಹಚ್ಚಿ ಹುಳುಕನ್ನು ತಡೆದು ನಿಲ್ಲಿಸುವ ದಾರಿ ಉಂಟು. ಹುಳುಕಾದ ಜಾಗ ಕಪ್ಪಾಗುತ್ತದೆ. ಅದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ತುಂಬಾ ಹಲ್ಲು ಹಾಳಾಗಿ, ಯಾವುದಕ್ಕೂ ಒಪ್ಪದ ಮಗುವಾದರೆ ಪೂರ್ತಿ ಅರಿವಳಿಕೆಯಲ್ಲಿ ಆಸ್ಪತ್ರೆಯಲ್ಲಿ ಮಾಡಿಸುವುದೇ ಲೇಸು.

ಇವಳಿಗೆ ಅದೇನೂ ಬೇಕಾಗಲಿಲ್ಲ. ಐದೈದು ಎಣಿಕೆಗೆ ಒಮ್ಮೆ ಬಿಟ್ಟು ಬಿಟ್ಟು ಹುಳುಕು ತೆಗೆದೆ. ಮಧ್ಯೆ ಕೈ ಎತ್ತಿದಳು, ನಿಲ್ಲಿಸಿದೆ, ಉಗುಳಬೇಕಿತ್ತಷ್ಟೆ. ತುಂಬಿದ್ದು ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟ್. ಹಲ್ಲಿಗೆ ತಾನೇ ಅಂಟಿಕೊಳ್ಳುತ್ತದೆ, ಫ್ಲೋರೈಡ್ ಬಿಡುತ್ತದೆ, ಚೂರು ಎಂಜಲು ಪಸೆಯಿದ್ದರೂ ರಾಳದಿಂದ ಮಾಡಿದ ಇನ್ನೊಂದು ಬಗೆಯ ಫಿಲ್ಲಿಂಗ್ ಆದ ಕಾಂಪೊಸಿಟ್‌ನಷ್ಟು ತಕರಾರು ಮಾಡುವುದಿಲ್ಲ. ಗಟ್ಟಿಯಾಗುವ ಕೆಲವು ನಿಮಿಷ ನನ್ನ ಬೆರಳು ಅವಳ ಹಲ್ಲಿನ ಮೇಲೆ, ಅವಳ ಕಣ್ಣು ನನ್ನ ಮೇಲೆ. ಮುಗಿದ ಮೇಲೆ, "ನೀನು ಕೈ ಅಡ್ಡ ತರ್ಲಿಲ್ಲ, ಹಾಗಾಗಿ ಬೇಗ ಆಯ್ತು" ಅಂದೆ. ಬರೀ "ಗುಡ್ ಗರ್ಲ್" ಅನ್ನುವುದಕ್ಕಿಂತ ಅವಳು ಮಾಡಿದ್ದನ್ನೇ ಹೆಸರಿಸಿ ಹೊಗಳಿದರೆ ಮುಂದಿನ ಸಲಕ್ಕೆ ಅದು ನೆನಪಿರುತ್ತದೆ.

ಮನೆಗೆ ಹೋದ ಮೇಲಿನ ಎರಡು ಮೂರು ಗಂಟೆ ಅಮ್ಮನ ಪಾಳಿ. ತುಟಿ ಮರಗಟ್ಟಿರುತ್ತದೆ, ಮಗುವಿಗೆ ಅದೊಂದು ವಿಚಿತ್ರ. ಕಚ್ಚಿ ಕಚ್ಚಿ ನೋಡುತ್ತದೆ. ಸಂಜೆಗೆ ತುಟಿ ಊದಿ ಹುಣ್ಣಾಗಿ ಬಂದವರನ್ನು ಕಂಡಿದ್ದೇನೆ. ಮರಗಟ್ಟಿದ್ದು ಬಿಡುವವರೆಗೆ ಗೋಳಿಬಜೆಯಂಥ ಅಗಿಯುವ ತಿಂಡಿ ಬೇಡ, ಬಿಸಿಯೂ ಬೇಡ.

ಆ ಅಮ್ಮನಿಗೆ ಕೊನೆಗೆ ಹೇಳಿದ್ದು: ರಾತ್ರಿ ಹಲ್ಲುಜ್ಜಿದ ಮೇಲೆ ಹಾಲು ಕೊಡಬೇಡಿ; ಬಟಾಣಿ ಗಾತ್ರದಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ಏಳೆಂಟು ವರ್ಷದವರೆಗೆ ನೀವೇ ಉಜ್ಜಿ ಕೊಡಿ. ಆರು ವರ್ಷದ ಆಸುಪಾಸಿಗೆ ಈಗ ತುಂಬಿದ ಹಲ್ಲಿನ ಹಿಂದೆಯೇ, ಯಾವುದೂ ಬೀಳದೆ, ಸದ್ದಿಲ್ಲದೆ ಒಂದು ದವಡೆ ಹಲ್ಲು ಬರುತ್ತದೆ. ಹಾಲುಹಲ್ಲೆಂದು ಎಷ್ಟೋ ಮನೆಗಳಲ್ಲಿ ಅದನ್ನು ಬಿಟ್ಟುಬಿಡುತ್ತಾರೆ. ಅದು ಕಾಯಂ ಹಲ್ಲು. ಕಂಡ ಕೂಡಲೇ ಕರೆತನ್ನಿ, ಹುಳುಕು ಹಿಡಿಯದ ಹಾಗೆ ಅದರ ಮೇಲಿನ ಗೀರುಗಳನ್ನು ಮುಚ್ಚಿ ಸೀಲ್ ಮಾಡಿ ಕೊಡುತ್ತೇನೆ.