ಪ್ರೊಜೆಕ್ಟರ್ ಚಿತ್ರ ಮಂಕಾಗಿದೆಯಾ? ಬ್ರೈಟ್‌ನೆಸ್ ಮುಟ್ಟಬೇಡಿ

ಕ್ಲಾಸಿನಲ್ಲಿ ಪ್ರೊಜೆಕ್ಟರ್ ಬಳಸುವ ಟೀಚರ್‌ಗಳಿಗೆ ಒಂದು ಸಲಹೆ. ಚಿತ್ರ ಮಂಕಾಗಿದೆ ಅಂತ ಸುಮ್ನೆ ಬ್ರೈಟ್‌ನೆಸ್ ಏರಿಸುತ್ತಾ ಹೋಗಬೇಡಿ. ಕಪ್ಪೆಲ್ಲ ಬೂದಿ ಬಣ್ಣವಾಗಿ ಅಕ್ಷರ ಇನ್ನೂ ಕಾಣುವುದಿಲ್ಲ. ರಿಮೋಟಿನಲ್ಲಿ ಕಲರ್ ಮೋಡ್ ಅಥವಾ ಪಿಕ್ಚರ್ ಮೋಡ್ ಬಟನ್ ಹುಡುಕಿ. ಬೆಳಕಿರುವ ಕೋಣೆಗೆ ಡೈನಾಮಿಕ್, ಕತ್ತಲಿಗೆ ಸಿನಿಮಾ. ಡೈನಾಮಿಕ್‌ನಲ್ಲಿ ಮುಖಗಳು ತುಸು ಹಸಿರಾಗಿ ಕಾಣಬಹುದು. ಪಾಠಕ್ಕೆ ಅದೇನೂ ತೊಂದರೆಯಿಲ್ಲ ಅಲ್ವಾ?

ಚಿತ್ರ ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಅದನ್ನು ಸರಿಮಾಡಲು ಕೀಸ್ಟೋನ್ ಬಟನ್ ಇದೆ. ಜಾಸ್ತಿ ಒತ್ತಿದರೆ ಅಕ್ಷರದ ಅಂಚು ಮಸುಕಾಗುತ್ತದೆ. ಪ್ರೊಜೆಕ್ಟರನ್ನೇ ನೇರವಾಗಿ ಇಡುವುದು ಮೇಲು.

ವಾಲ್ಯೂಮ್ ಏರಿಸಿದರೂ ಸದ್ದಿಲ್ಲವೇ? ಜೋಡಿಸಿದ್ದು ಎಚ್‌ಡಿಎಂಐ ಕೇಬಲ್ ಆದರೆ ಲ್ಯಾಪ್‌ಟಾಪಿನ ಸೌಂಡ್ ಔಟ್‌ಪುಟ್‌ನಲ್ಲಿ ಪ್ರೊಜೆಕ್ಟರ್ ಆರಿಸಿ. ವಿಜಿಎ ಕೇಬಲ್ ಸದ್ದು ಒಯ್ಯುವುದೇ ಇಲ್ಲ, ಬೇರೆ ಆಡಿಯೊ ವೈರ್ ಹಾಕಬೇಕು. ಚಿತ್ರ, ಸದ್ದು ಎರಡೂ ಒಟ್ಟಿಗೆ ಹೋದರೆ ಯಾರೋ ಎ/ವಿ ಮ್ಯೂಟ್ ಒತ್ತಿರಬಹುದು, ಇನ್ನೊಮ್ಮೆ ಒತ್ತಿ ನೋಡಿ.