ಮುದ್ದೆ ಬಿಟ್ಟ ಏಳು ದಿನ

ಹಾಸನದ ಕ್ರೀಡಾಂಗಣದಲ್ಲಿ ಬೆಳಿಗ್ಗೆ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಹತ್ತು ಸಲಹೆ ಸಿಗುತ್ತವೆ. "ಮುದ್ದೆ, ಅನ್ನ ಬಿಡಿ ಸಾರ್, ವಾರಕ್ಕೆ ಎರಡು ಕೆಜಿ ಇಳೀತೀರಿ" ಎಂದರು ಒಬ್ಬರು. ಬಿಟ್ಟೆ. ಏಳನೇ ದಿನ ತೂಕ 74.6ರಿಂದ 72.3ಕ್ಕೆ ಬಂದಿತ್ತು. ನನಗಂತೂ ಖುಷಿಯೋ ಖುಷಿ.

ಅವ್ವ ಒಪ್ಪಲಿಲ್ಲ. "ಹೊಲ ಗೇಯ್ದೋರೆಲ್ಲ ಮುದ್ದೆ ತಿಂದೇ ಗಟ್ಟಿಯಾಗಿದ್ರು ಕಣೋ." ನಿಜ, ಆದರೆ ಅವರು ನೇಗಿಲ ಹಿಂದೆ ನಡೆದವರು. ನಾನು ಕುರ್ಚಿಯಲ್ಲಿ ಕೂತವನು. ಅವ್ವನ ಮಾತನ್ನೂ ಹಾಗೇ ನುಂಗುವಂತಿರಲಿಲ್ಲ.

ಆಮೇಲೆ ಒಂದು ಬೀಗರೂಟ ಬಂತು. ಎರಡು ದಿನ ಚೆನ್ನಾಗಿ ಬಾರಿಸಿದೆ. ತೂಕ ಮತ್ತೆ 74! ಆಗ ಕೂತು ಲೆಕ್ಕ ಹಾಕಿದೆ. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. 1.7 ಕೆಜಿ ಕೊಬ್ಬು ಬೆಳೆಯಬೇಕಾದರೆ ಖರ್ಚಾಗಿದ್ದರ ಮೇಲೆ 13,000 ಕ್ಯಾಲೊರಿ ತಿಂದಿರಬೇಕು. ಬಾಡೂಟ ಎಷ್ಟೇ ಜೋರಾಗಿದ್ದರೂ ಅಷ್ಟು ಆಗುತ್ತಾ? ಹೋಗಿದ್ದು, ಬಂದಿದ್ದು ಬಹುಪಾಲು ನೀರು. ಅನ್ನ, ಮುದ್ದೆಯ ಪಿಷ್ಟವನ್ನು ದೇಹ ಗ್ಲೈಕೊಜನ್ ಆಗಿ ಕೂಡಿಡುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಪಿಷ್ಟ ಬಿಟ್ಟರೆ ಮೊದಲು ಖಾಲಿಯಾಗುವುದು ಆ ಗೂಡೇ. ಸಲಹೆ ಕೊಟ್ಟವರು ಸುಳ್ಳು ಹೇಳಿರಲಿಲ್ಲ. ತೂಕ ಇಳಿಯಿತು, ಕರಗಿದ್ದು ಏನು ಅಂತ ಅವರೂ ಕೇಳಿಕೊಂಡಿರಲಿಲ್ಲ ಅಷ್ಟೇ.

ಅಲ್ಲಿಂದ ಒಂದು ದಿನದ ತೂಕ ನಂಬುವುದನ್ನು ಬಿಟ್ಟೆ. ದಿನಾ ಎದ್ದ ಕೂಡಲೇ ನೋಡಿ ಬರೆದುಕೊಂಡು, ಈ ವಾರದ ಸರಾಸರಿಯನ್ನು ಹೋದ ವಾರದ ಸರಾಸರಿ ಜೊತೆ ಹೋಲಿಸುತ್ತೇನೆ.

ಇನ್ನೊಬ್ಬರು ನಿಮ್ಮ ಊಟದಲ್ಲಿ ಪ್ರೋಟೀನ್ ಕಡಿಮೆ, ಪೌಡರ್ ಕೊಳ್ಳಿ ಎಂದರು. ಮಾರುವವರೂ ಅವರೇ! ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್, ಅಂದರೆ ನನಗೆ 60 ಗ್ರಾಂ ಚಿಲ್ಲರೆ. ಅಡುಗೆಮನೆಗೆ ತಕ್ಕಡಿ ತಂದು ತೂಗಿದೆ. ನಾಚಿಕೆಯಾಯಿತು. ಹುರುಳಿ ಬಸ್ಸಾರು ಅಂತ ದಿನಾ ಹೊಡೆಯುತ್ತಿದ್ದೆನಲ್ಲ, ಅದರಲ್ಲಿ ಕಾಳು ಒಂದು ಹಿಡಿಯೂ ಇರಲಿಲ್ಲ, ಬರೀ ಕಟ್ಟು. ಕಡಿಮೆ ಅಂದಿದ್ದು ನಿಜವೇ ಆಗಿತ್ತು. ಅದಕ್ಕೆ ಡಬ್ಬ ಬೇಕಿರಲಿಲ್ಲ. 50 ಗ್ರಾಂ ಒಣ ಹುರುಳಿಯಲ್ಲೇ ಸುಮಾರು 11 ಗ್ರಾಂ ಇದೆ. ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು, ಒಂದು ಹಿಡಿ ಕಡಲೆಕಾಯಿ ಬೀಜ ಸೇರಿಸಿದೆ. ಮಿಕ್ಕಿದ್ದು ಮುದ್ದೆ, ಅನ್ನದಿಂದಲೇ ಬಂತು.

ಮೂರು ತಿಂಗಳಲ್ಲಿ ವಾರದ ಸರಾಸರಿ ತೂಕ ಎರಡೂವರೆ ಕೆಜಿ ಇಳಿದಿದೆ. ಮುದ್ದೆ ಉಂಟು, ಗಾತ್ರ ಮಾತ್ರ ಸಣ್ಣದು. ಅವ್ವ ಮುದ್ದೆ ಕಟ್ಟುವಾಗ ತಕ್ಕಡಿ ಹತ್ತಿರಕ್ಕೂ ಬಿಡುವುದಿಲ್ಲ. ಅವಳು ಆಚೆ ಹೋದ ಮೇಲೆ ತೂಗುತ್ತೇನೆ.